ಹೀರಾಬಾಯಿಯ ಸ್ಟುಡಿಯೋದಲ್ಲಿ ಏನೂ ಉಳಿಯುವುದಿಲ್ಲ

ಕಂಪ್ಯೂಟರ್ ಅಂಗಡಿಯ ಸೈದಪ್ಪ ಗುಂಡಿ ಒತ್ತಿದ ಕೂಡಲೇ ಪರದೆಯ ಮೇಲಿದ್ದ ಹುಡುಗಿಯ ಮುಖ ಸುಣ್ಣ ಬಳಿದ ಗೋಡೆಯಂತೆ ಬೆಳ್ಳಗಾಯಿತು. ಇನ್ನೊಮ್ಮೆ ಒತ್ತಿದ. ಅವಳ ಬೆನ್ನ ಹಿಂದೆ ತಾಜಮಹಲು ಎದ್ದು ನಿಂತಿತು. ಮತ್ತೊಮ್ಮೆ ಒತ್ತಿದಾಗ ಪರದೆಯ ನಾಲ್ಕೂ ಮೂಲೆಗಳಿಂದ ಕೆಂಪು ಕೆಂಪು ಹೃದಯಗಳು ಅವಳ ತಲೆಯ ಮೇಲೆ ಉದುರತೊಡಗಿದವು. ಪಕ್ಕದಲ್ಲಿ ಕುಳಿತಿದ್ದ ಚಂದ್ರಾಮ ಬಾಯಿ ತೆರೆದುಕೊಂಡು ನೋಡುತ್ತಿದ್ದ. ಅವನ ಅತ್ತಿಗೆ ಹೀರಾಬಾಯಿ ಮಾತ್ರ ಸೆರಗಿನ ತುದಿಯಿಂದ ಮೂಗು ಮುಚ್ಚಿಕೊಂಡು ಕುಳಿತಿದ್ದಳು, ಏನೋ ಕೊಳೆತದ್ದು ಎದುರಿಗಿದೆ ಎನ್ನುವಂತೆ.

"ಈ ಹುಡುಗಿ ಯಾರ ಮಗಳೋ ತಮ್ಮಾ?" ಎಂದು ಕೇಳಿದಳು.

"ಯಾರಾಕಿನೋ ಇರಬೇಕ್ರಿ ಅಕ್ಕೋರೆ. ಯಾವುದೋ ಗಿರಾಕಿ ಬಿಟ್ಟು ಹೋದ ಫೋಟೋ. ಸಾಫ್ಟ್‌ವೇರ್ ತೋರ್ಸಾಕ ಚಂದ ಅದ ಅಂತ ಇಟ್ಟೇನಿ," ಎಂದ ಸೈದಪ್ಪ, ಮತ್ತೆ ಒಂದು ಹಿಡಿ ಹೃದಯ ಉದುರಿಸುತ್ತ.

ಯಾರಾಕಿನೋ ಇರಬೇಕು! ಹೀರಾಬಾಯಿ ಪರದೆಯಿಂದ ಮುಖ ತಿರುಗಿಸಿದಳು. ಎಲ್ಲಿಯೋ ಒಂದು ಊರಿನಲ್ಲಿ ಒಬ್ಬ ತಾಯಿ ಮಗಳ ತಲೆ ಬಾಚಿ, ಹೂ ಮುಡಿಸಿ, ಫೋಟೋ ತೆಗೆಸಿದ್ದಾಳೆ. ಆ ಫೋಟೋ ಇಲ್ಲಿ ಗುಲಬರ್ಗಾದ ಮಾಳಿಗೆ ಅಂಗಡಿಯೊಂದರಲ್ಲಿ ಬಂದುಹೋಗುವ ಗಿರಾಕಿಗಳ ಮುಂದೆಲ್ಲ ದಿನವಿಡೀ ಬಿಳಿಚಿಕೊಳ್ಳುತ್ತಿದೆ. ಆ ತಾಯಿಗೂ ಗೊತ್ತಿಲ್ಲ, ಮಗಳಿಗೂ ಗೊತ್ತಿಲ್ಲ. ಇಂಥ ಅಂಗಡಿಗೆ ತನ್ನನ್ನು ಕರೆದುಕೊಂಡು ಬಂದ ಮೈದುನನ ಮೇಲೆಯೇ ಅವಳಿಗೆ ಸಿಟ್ಟು ಬಂತು.

ಹೀರಾಬಾಯಿಯದು ಮೊದಲಿನಿಂದಲೂ ಹೇಸಿಗೆಪಡುವ ಸ್ವಭಾವ. ಕಂಡವರ ಮನೆಯ ನೀರು ಕುಡಿಯಲೂ ಹಿಂದೆಮುಂದೆ ನೋಡುವವಳು. ಆದರೆ ಅವಳ ನಿಜವಾದ ಹೇಸಿಗೆ ಎಲ್ಲ ಇದ್ದದ್ದು ಗಂಡಸರ ಕಣ್ಣಿನ ಬಗ್ಗೆ. ಅದಕ್ಕೆ ಕಾರಣವೂ ಇತ್ತು. ಆಳಂದದ ಬಸ್‌ಸ್ಟ್ಯಾಂಡಿನ ಎದುರು ಅವಳ ಗಂಡ ದೇವೀಂದ್ರಪ್ಪ ಫೋಟೋ ಸ್ಟುಡಿಯೋ ಇಟ್ಟಿದ್ದ ಕಾಲದಲ್ಲಿ, ಅದೇ ಸಾಲಿನ ಇನ್ನೊಬ್ಬ ಫೋಟೋದವನು ಒಂದು ಹುಡುಗಿಯ ಫೋಟೋವನ್ನು ದೊಡ್ಡದು ಮಾಡಿ ಅಂಗಡಿಯ ಗಾಜಿನ ಕಪಾಟಿನಲ್ಲಿ ನಿಲ್ಲಿಸಿದ. ವರನ ಮನೆಗೆ ಕಳಿಸಲೆಂದು ಮನೆಯವರು ತೆಗೆಸಿದ್ದ ಫೋಟೋ ಅದು. ಹುಡುಗಿ ಚೆಲುವೆ, ತನ್ನ ಕೈಚಳಕ ಜನ ನೋಡಲಿ ಎನ್ನುವುದಷ್ಟೇ ಅವನ ಎಣಿಕೆ. ಖಜೂರಿಯ ದಾರಿಯಲ್ಲಿ ಮಹಾರಾಷ್ಟ್ರಕ್ಕೆ ಹೋಗುವ ಲಾರಿಯವರು ಇಳಿದು ಬಂದು ಅದರ ನಕಲು ಕೇಳಿದರು. ಅವನು ಕೊಟ್ಟ! ಒಂದು ನಕಲು ಲಾರಿಯ ಗಾಜಿಗೆ ಅಂಟಿಕೊಂಡು ಉಮರ್ಗಾದಲ್ಲಿ ಆ ವರನ ಸೋದರಮಾವನ ಕಣ್ಣಿಗೇ ಬಿತ್ತು. ಗೊತ್ತಾಗಿದ್ದ ಸಂಬಂಧ ಮುರಿಯಿತು. ಹುಡುಗಿಗೆ ಆಮೇಲೆ ಮೂವರು ಮಕ್ಕಳಿದ್ದ ಒಬ್ಬನನ್ನು ಗಂಟು ಹಾಕಿದರು.

ದೇವೀಂದ್ರಪ್ಪ ಎದೆನೋವಿನಿಂದ ತೀರಿಕೊಂಡ ಮೇಲೆ ಹೀರಾಬಾಯಿ ಸ್ಟುಡಿಯೋ ಮುಚ್ಚುತ್ತಾಳೆ ಎಂದೇ ಎಲ್ಲರೂ ತಿಳಿದಿದ್ದರು. ಅವಳು ಮುಚ್ಚಲಿಲ್ಲ. ಗಂಡನಿದ್ದಾಗಲೇ ಕತ್ತಲೆ ಕೋಣೆಯ ಕೆಲಸವೆಲ್ಲ ಅವಳದೇ ಇತ್ತು. ಒಳಗಿನ ಕೋಣೆಗೆ ದಪ್ಪ ಪರದೆ ಇಳಿಬಿಟ್ಟು, ಕ್ಯಾಮೆರಾ ತಾನೇ ಹಿಡಿದಳು. ಮುಂದಿನ ಭಾಗದಲ್ಲಿ ಮೈದುನ ಚಂದ್ರಾಮ ಗಂಡಸರ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ, ಮದುವೆಗಳಿಗೆ ವಿಡಿಯೋ ಶೂಟಿಂಗಿಗೆ ಹೋಗುತ್ತಿದ್ದ. ಹಿಂದಿನ ಭಾಗಕ್ಕೆ ಹೆಂಗಸರಿಗೆ ಮಾತ್ರ ದಾರಿ. ಹೀರಾಬಾಯಿಯ ಗಾಜಿನ ಕಪಾಟಿನಲ್ಲಿ ತೊಟ್ಟಿಲ ಕೂಸುಗಳಿದ್ದವು, ಸರಸಂಬಾದ ರೈತನೊಬ್ಬನ ಬಹುಮಾನದ ಹೋರಿ ಇತ್ತು, ಒಬ್ಬ ಹೆಣ್ಣುಮಗಳೂ ಇರಲಿಲ್ಲ.

ಅವಳ ಸ್ಟುಡಿಯೋಕ್ಕೆ ಹೆಸರು ಬಂದದ್ದು ಮಾತ್ರ ಬೇರೆಯ ಕಾರಣಕ್ಕೆ. ಫೋಟೋ ಕೊಡುವಾಗ ಅವಳು ನೆಗೆಟಿವನ್ನೂ ತಾಯಿಯ ಕೈಯಲ್ಲಿ ಇಡುತ್ತಿದ್ದಳು. "ಒಯ್ತಿರೇನು, ಇಲ್ಲಾ ಕತ್ತರಿಸ್ಲಿ?" ಎಂದು ಕೇಳುತ್ತಿದ್ದಳು. ಬಹಳ ಮಂದಿ ತಾಯಂದಿರು ಕತ್ತರಿಸಿರಿ ಎನ್ನುತ್ತಿದ್ದರು. ಅವರ ಕಣ್ಣೆದುರೇ ಕತ್ತರಿಯಿಂದ ಚೂರು ಚೂರು ಮಾಡಿ, ಆ ಚೂರನ್ನು ಅವರ ಕೈಯಿಂದಲೇ ಒಲೆಗೆ ಹಾಕಿಸುತ್ತಿದ್ದಳು. ಇನ್ನೊಂದು ನಕಲು ಬೇಕಾದರೆ ಹುಡುಗಿಯನ್ನು ಮತ್ತೊಮ್ಮೆ ಕರೆದುಕೊಂಡು ಬರಬೇಕು. ವ್ಯಾಪಾರಕ್ಕೆ ಇದು ಶುದ್ಧ ದಡ್ಡತನ ಎಂದು ಚಂದ್ರಾಮ ಗೊಣಗುತ್ತಿದ್ದ. ಆದರೆ ದರ್ಗಾದ ಓಣಿಯ ಬುರ್ಖಾದ ಹೆಂಗಸರಿಂದ ಹಿಡಿದು ಗೌಡರ ವಾಡೆಯ ಸೊಸೆಯಂದಿರವರೆಗೆ, ಖಜೂರಿಯಿಂದ, ಸರಸಂಬಾದಿಂದ, ದೂರದ ಅಫಜಲಪುರದಿಂದಲೂ ತಾಯಂದಿರು ಹೆಣ್ಣುಮಕ್ಕಳನ್ನು ಕರೆದುಕೊಂಡು ಬರುತ್ತಿದ್ದರು. ಹೀರಾಬಾಯಿಯ ಹತ್ತಿರ ಏನೂ ಉಳಿಯುವುದಿಲ್ಲ ಎನ್ನುವುದು ಆ ಸೀಮೆಯ ಹೆಂಗಸರೆಲ್ಲರ ಬಾಯಲ್ಲಿತ್ತು.

ಕೆಡಿಸಿದ್ದು ಕಲರ್ ಫೋಟೋ. ವರನ ಕಡೆಯವರು ಕಪ್ಪು-ಬಿಳುಪು ಒಲ್ಲೆವೆಂದರು, ಹುಡುಗಿಯ ಮೈಬಣ್ಣ ಗೊತ್ತಾಗಬೇಕಂತೆ! ಕಲರ್ ರೋಲು ತೊಳೆಯುವುದು ಹೀರಾಬಾಯಿಯ ಕತ್ತಲೆ ಕೋಣೆಯಲ್ಲಿ ಆಗುವ ಕೆಲಸವಲ್ಲ. ಗುಲಬರ್ಗಾದ ಲ್ಯಾಬಿಗೆ ಕಳಿಸಬೇಕಾಯಿತು. ಒಮ್ಮೆ ತಾನೇ ಅಲ್ಲಿಗೆ ಹೋದಾಗ, ಕೆಲಸಗಾರರು ಚಹಾ ಕುಡಿಯುವ ಮೂಲೆಯ ಗೋಡೆಗೆ ತಾನು ತೆಗೆದ ಹುಡುಗಿಯ ಫೋಟೋ ಅಂಟಿಸಿದ್ದನ್ನು ಕಂಡಳು. ಕಿತ್ತುಕೊಂಡು, ಅವರಿಗೆ ಬಾಯಿಗೆ ಬಂದ ಹಾಗೆ ಬೈದು ಬಂದಳು. ಅವತ್ತು ಅವಳಿಗೆ ಊಟ ಸೇರಲಿಲ್ಲ.

ಆಗಲೇ ಚಂದ್ರಾಮ ಮುಂಬಯಿಯಿಂದ ಬಂದ ಹಳೆಯ ಕ್ಯಾಮೆರಾ ಒಂದರ ಸುದ್ದಿ ತಂದದ್ದು. ಅದಕ್ಕೆ ರೋಲು ಬೇಡ, ಲ್ಯಾಬು ಬೇಡ. ಒಳಗೆ ಒಂದು ಫ್ಲಾಪಿ ಇಟ್ಟರೆ ಫೋಟೋ ಅದರಲ್ಲಿ ಬಂದು ಕೂರುತ್ತದೆ. ಮನೆಯಲ್ಲೇ ಕಂಪ್ಯೂಟರ್ ಇದ್ದರೆ ಅಲ್ಲೇ ನೋಡಿ, ಅಲ್ಲೇ ಪ್ರಿಂಟ್ ತೆಗೆದು, ಫ್ಲಾಪಿಯನ್ನು ತಾಯಿಯ ಕೈಗೆ ಕೊಟ್ಟುಬಿಡಬಹುದು. "ನಿಮ್ಮ ನೆಗೆಟಿವ್ ಇದ್ದಂಗೇ ವೈನಿ," ಎಂದು ಅತ್ತಿಗೆಗೆ ಹೇಳಿದ್ದ. ಹೊರಗಿನ ಗಂಡಸಿನ ಕಣ್ಣೇ ಬೀಳುವುದಿಲ್ಲ ಎಂಬ ಒಂದೇ ಮಾತಿಗೆ ಹೀರಾಬಾಯಿ ಒಪ್ಪಿದ್ದಳು. ತೊಂಬತ್ತೊಂಬತ್ತರ ಬೇಸಿಗೆ ಅದು. ಕಂಪ್ಯೂಟರಿಗೆ ಸಾಫ್ಟ್‌ವೇರ್ ಎನ್ನುವುದು ಬೇರೆ ಬೇಕು, ಯಾವುದು ಬೇಕೋ ಅದನ್ನು ಆರಿಸಿಕೊಳ್ಳಬೇಕು ಎಂದು ತಿಳಿದದ್ದು ಅಂಗಡಿಗೆ ಬಂದ ಮೇಲೆ.

"ಇದರಾಗ ಎಷ್ಟೊಂದು ಸಾಫ್ಟ್‌ವೇರ್ ಅವ ನೋಡ್ರಿ ಅಕ್ಕೋರೆ," ಎಂದು ಸೈದಪ್ಪ ಒಂದು ಸಿ.ಡಿ.ಯನ್ನು ಬೆರಳಿಗೆ ಸಿಕ್ಕಿಸಿಕೊಂಡು ತಿರುಗಿಸಿದ. "ಕರಿ ಹುಡುಗಿ ಬೆಳ್ಳಗ ಆಗ್ತಾಳ. ಸೀರಿ ಬಣ್ಣ ಬದಲ ಆಗ್ತದ. ಒಬ್ಬಾಕಿ ತಲೆ ತಗದು ಇನ್ನೊಬ್ಬಾಕಿ ಮೈಗಿ ಹಚ್ಚಬಹುದು. ಜಾತಕ ನೋಡೋದೂ ಇದರಾಗೇ ಅದ. ಎಲ್ಲಾ ಫ್ರೀ ಹಾಕಿ ಕೊಡ್ತೇನಿ."

"ತಲೆ ತಗದು ಮೈಗಿ ಹಚ್ಚೂದು ಯಾತಕ್ಕ ಬೇಕೋ?" ಎಂದು ಹೀರಾಬಾಯಿ ಕೇಳಿದಳು. "ನಾ ಏನ್ ಕಟುಕರ ಅಂಗಡಿ ಇಟ್ಟೇನೇನು?"

ಚಂದ್ರಾಮ ನಡುವೆ ಬಾಯಿ ಹಾಕಿದ. "ವೈನಿ, ಈಗಿನ ಮಂದಿ ಇಂಥಾದ್ದೇ ಕೇಳ್ತಾರ್ರಿ. ಹಾಕಿಸ್ಕೊಳ್ಳೂಣು. ಫ್ರೀ ಅದ ಅಂತಾನ."

"ಫ್ರೀ ಕೊಟ್ರ ಸೆಗಣೀನೂ ತಿಂತೀಯೇನು? ಸುಮ್ಮ ಕುಂಡ್ರು." ಅವಳು ಸೈದಪ್ಪನ ಕಡೆ ತಿರುಗಿದಳು. "ನನಗ ಬೇಕಾಗಿದ್ದು ಇಷ್ಟ ನೋಡಪಾ. ಫೋಟೋ ತೆರೀಬೇಕು, ಸುತ್ತ ಕತ್ತರಿಸಬೇಕು, ಕತ್ತಲಿದ್ರ ಬೆಳಕ ಮಾಡಬೇಕು, ಛಾಪಿಸಬೇಕು. ಆಮ್ಯಾಲ ಅಳಿಸಬೇಕು. ಖರೇನೇ ಅಳಿಸಬೇಕು. ಅಂಥಾ ಸಾಫ್ಟ್‌ವೇರ್ ಯಾವುದದ, ಅದನ್ನ ಹಾಕು."

ಸೈದಪ್ಪನಿಗೆ ನಗು ಬಂತು. ಇಷ್ಟು ವರ್ಷದಲ್ಲಿ ಫೋಟೋದ ಅಂಗಡಿಯವರು ಅವನನ್ನು ಏನೇನೋ ಕೇಳಿದ್ದರು, ಫೋಟೋ ಅಳಿಸುವುದನ್ನು ಯಾರೂ ಕೇಳಿರಲಿಲ್ಲ. ಹೀರಾಬಾಯಿ ಅವನ ನಗುವನ್ನು ಲೆಕ್ಕಕ್ಕೆ ಹಿಡಿಯಲಿಲ್ಲ. ತನ್ನದೇ ಫೋಟೋ ತೆಗೆಸಿದಳು, ಮೆಷೀನಿಗೆ ಹಾಕಿಸಿದಳು, ಅಳಿಸು ಎಂದಳು. ಅಳಿಸಿದ. ಈಗ ಹುಡುಕು ಎಂದಳು. ಪರದೆಯ ಮೂಲೆಯಲ್ಲಿದ್ದ ಕಸದ ಬುಟ್ಟಿಯ ಚಿತ್ರವನ್ನು ತೆರೆದ. ಒಳಗೆ ಹೀರಾಬಾಯಿ ಮುಖ ಗಂಟಿಕ್ಕಿಕೊಂಡು ಕುಳಿತಿದ್ದಳು.

"ಇದು ಅಳಿಸಿದ್ದೇನು? ಬುಟ್ಟಿ ತಗದು ನೋಡಿದವ್ರಿಗೆಲ್ಲ ಸಿಗ್ತದಲ್ಲೋ!"

"ಬುಟ್ಟೀನೂ ಖಾಲಿ ಮಾಡಬಹುದ್ರಿ ಅಕ್ಕೋರೆ." ಗುಂಡಿ ಒತ್ತಿದ. ಬುಟ್ಟಿ ಖಾಲಿಯಾಯಿತು.

"ಈಗ ಹುಡುಕು."

ಅವನು ಹುಡುಕಿದ. ಅವಳು ತೋರಿಸಿದ ಮೂಲೆ ಮುಡುಕಿನಲ್ಲೆಲ್ಲ ಹುಡುಕಿದ. ಸಿಗಲಿಲ್ಲ. "ದೇವರಾಣಿ ಮಾಡಿ ಹೇಳ್ತೇನ್ರಿ, ಇನ್ನ ಆ ಭಗವಂತ ಬಂದು ಹುಡುಕಿದ್ರೂ ಸಿಗಂಗಿಲ್ಲ," ಎಂದ. ಹೀರಾಬಾಯಿಗೆ ಆಗ ಸಮಾಧಾನವಾಯಿತು. ತಾಜಮಹಲು, ಹೃದಯ, ಸುಣ್ಣ ಬಳಿಯುವುದು ಎಲ್ಲವನ್ನೂ ತೆಗೆಸಿಹಾಕಿ, ಇದ್ದುದರಲ್ಲಿ ಅತಿ ಬಡಪಾಯಿಯಾಗಿದ್ದ ಒಂದು ಸಾಫ್ಟ್‌ವೇರನ್ನು ಉಳಿಸಿಕೊಂಡು ಕಂಪ್ಯೂಟರನ್ನು ಆಳಂದಕ್ಕೆ ತಂದಳು. ಚಂದ್ರಾಮ ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದ. ಅವನ ಸಮಾಧಾನಕ್ಕೆಂದು ವಿಡಿಯೋಗೆ ಹೆಸರು ಬರೆಯುವ ಒಂದನ್ನು ಮಾತ್ರ ಬಿಟ್ಟಿದ್ದಳು.

ಕಂಪ್ಯೂಟರ್ ಬಂತೆಂದು ತಾಯಂದಿರು ಮೊದಮೊದಲು ಹೆದರಿದರು. ಕತ್ತರಿ ಎಲ್ಲಿ, ಒಲೆ ಎಲ್ಲಿ ಎಂದು ಕೇಳಿದರು. ಹೀರಾಬಾಯಿ ಅದಕ್ಕೂ ಒಂದು ದಾರಿ ಕಂಡುಕೊಂಡಳು. ಪ್ರಿಂಟ್ ಬಂದ ಮೇಲೆ ತಾಯಿಯನ್ನು ತನ್ನ ಕುರ್ಚಿಯ ಮೇಲೆ ಕೂರಿಸಿ, ಪರದೆಯ ಮೇಲಿನ ಮಗಳನ್ನು ತೋರಿಸಿ, "ಈಗ ನೀವೇ ಒತ್ರಿ ಅವ್ವಾ," ಎನ್ನುತ್ತಿದ್ದಳು. ತಾಯಿ ಅಂಜುತ್ತ ಬೆರಳಿಟ್ಟು ಒತ್ತುತ್ತಿದ್ದಳು. ಫೋಟೋ ಬುಟ್ಟಿಗೆ ಬೀಳುತ್ತಿತ್ತು. ಇನ್ನೊಮ್ಮೆ ಒತ್ತಿದರೆ ಬುಟ್ಟಿ ಖಾಲಿ. ಆಮೇಲೆ ಫ್ಲಾಪಿಯನ್ನು ಅವಳ ಸೆರಗಿಗೆ ಹಾಕುತ್ತಿದ್ದಳು. ಎಮ್ಮೆ ಹಿಂಡಿ, ಕಸ ಬಳಿದು ಒರಟಾದ ಕೈಗಳು ಆ ಗುಂಡಿಯನ್ನು ಒತ್ತಿ ಸಮಾಧಾನದಿಂದ ಮನೆಗೆ ಹೋಗುತ್ತಿದ್ದವು. ಕೆಲವರು ಒತ್ತುವ ಮುಂಚೆ ಶಿವ ಶಿವಾ ಎನ್ನುತ್ತಿದ್ದರು, ಕೆಲವರು ಬಿಸ್ಮಿಲ್ಲಾ ಎನ್ನುತ್ತಿದ್ದರು.

ದರ್ಗಾದ ಓಣಿಯ ಗೌಸಿಯಾಬೇಗಂ ಮಗಳು ಶಮೀಮಳನ್ನು ಕರೆದುಕೊಂಡು ಬಂದದ್ದು ಮಳೆಗಾಲದ ಮೊದಲಲ್ಲಿ. ಸೋಲಾಪುರದ ಒಂದು ಮನೆತನಕ್ಕೆ ಫೋಟೋ ಕಳಿಸಬೇಕಿತ್ತು. ಬಹಳ ಕಟ್ಟುನಿಟ್ಟಿನ ಜನ. ಗೌಸಿಯಾಬೇಗಂ ಸ್ಟುಡಿಯೋದ ಕಿಟಕಿಗೂ ಚಾದರ ಕಟ್ಟಿಸಿ, ಬಾಗಿಲಿಗೆ ಅಗಳಿ ಹಾಕಿಸಿಯೇ ಮಗಳ ಬುರ್ಖಾ ತೆಗೆಸಿದಳು. ಶಮೀಮ ತಲೆಯ ಮೇಲಿನ ದುಪಟ್ಟಾ ಸರಿಮಾಡಿಕೊಳ್ಳುವಾಗ ಅದು ಜಾರಿ ಹೆಗಲಿಗೆ ಬಿತ್ತು. ಹುಡುಗಿಗೆ ನಗು ಬಂತು. ಅದೇ ಗಳಿಗೆಗೆ ಹೀರಾಬಾಯಿಯ ಬೆರಳು ಕ್ಯಾಮೆರಾದ ಗುಂಡಿಯ ಮೇಲೆ ಬಿದ್ದುಬಿಟ್ಟಿತ್ತು. ಪರದೆಯ ಮೇಲೆ ನೋಡಿದರೆ ಆ ಫೋಟೋದಲ್ಲಿ ಕೂದಲೆಲ್ಲ ಬಿಚ್ಚಿ ಬಿದ್ದು, ಹಲ್ಲು ಕಾಣುವಂತೆ ನಗುವ ಶಮೀಮ ಇದ್ದಳು. ಹುಡುಗಿಗೆ ಅದೇ ಬಹಳ ಇಷ್ಟವಾಯಿತು.

"ಅಮ್ಮೀ, ಏಕ್ ಬಾರ್..." ಎಂದು, ಇದನ್ನೇ ಇಡು ಎನ್ನುವಂತೆ ರಾಗ ಎಳೆದಳು.

"ಬಾಯಿ ಮುಚ್ಚು. ಇದರ ಮಾರೀನ ಯಾರೂ ನೋಡಬಾರದು," ಎಂದು ಗೌಸಿಯಾಬೇಗಂ ತಾನೇ ಗುಂಡಿ ಒತ್ತಿದಳು. ಒಮ್ಮೆ ಅಲ್ಲ, ಬುಟ್ಟಿ ಖಾಲಿಯಾದ ಮೇಲೂ ಮತ್ತೆ ಮತ್ತೆ ಒತ್ತಿದಳು. ತಲೆ ಮುಚ್ಚಿಕೊಂಡ ಇನ್ನೊಂದು ಫೋಟೋ ಸೋಲಾಪುರಕ್ಕೆ ಹೋಯಿತು. ಹುಡುಗಿ ಮೆಚ್ಚುಗೆಯಾದಳು. ದೀಪಾವಳಿ ಕಳೆದ ಮೇಲೆ ನಿಕಾಹ್ ಎಂದು ಗೊತ್ತಾಯಿತು.

ಆ ದೀಪಾವಳಿಗೆ ಮುಂಚೆ ಹೀರಾಬಾಯಿ ಅಕ್ಕನ ಮನೆಯವರ ಜೊತೆ ಘತ್ತರಗಿಗೆ ಹೋದಳು. ಅಲ್ಲಿಯ ದೇವಿ ಭಾಗ್ಯವಂತಿಗೆ ಸೀರೆ ಉಡಿಸುವ ಹರಕೆ ಇತ್ತು. ಅಲ್ಲಿಂದ ಅಫಜಲಪುರದಲ್ಲಿ ಅಕ್ಕನ ಮನೆಯಲ್ಲಿ ಉಳಿದು ವಾರದ ಮೇಲೆ ತಿರುಗಿ ಬಂದಳು. ಅವಳು ಇಲ್ಲದ ಹೊತ್ತು ನೋಡಿ ಚಂದ್ರಾಮ ಸೋಲಾಪುರದ ಗೆಳೆಯನಿಂದ ಒಂದು ಸಿ.ಡಿ. ತಂದು ಕಂಪ್ಯೂಟರಿಗೆ ಹಾಕಿದ. ಅದೇ ತಾಜಮಹಲು, ಅದೇ ಹೃದಯ. ಹಾಕಿದ ಮರುದಿನ ಕಂಪ್ಯೂಟರ್ ಕಣ್ಣು ಬಿಡಲಿಲ್ಲ. ಒಂದು ದೊಡ್ಡ ಮದುವೆಯ ವಿಡಿಯೋಕ್ಕೆ ಅವನು ಬರೆದಿಟ್ಟ ಹೆಸರುಗಳೆಲ್ಲ ಅದರೊಳಗೇ ಸಿಕ್ಕಿಬಿದ್ದವು. ಅವನು ಯಾರನ್ನೂ ಕೇಳದೆ ಪೆಟ್ಟಿಗೆಯನ್ನು ಬಸ್ಸಿಗೆ ಹಾಕಿಕೊಂಡು ಗುಲಬರ್ಗಾಕ್ಕೆ ಹೋಗಿ ಸೈದಪ್ಪನ ಅಂಗಡಿಯಲ್ಲಿ ಇಟ್ಟುಬಂದ.

ಹೀರಾಬಾಯಿ ಬಸ್ಸಿನಿಂದ ಇಳಿದಾಗ ಸ್ಟುಡಿಯೋದ ಮುಂದೆ ಜನ ಕೂಡಿದ್ದರು. ಪಾನ್ ಅಂಗಡಿಯ ಬಸವಂತರಾಯ ಅಂಗಡಿ ಬಿಟ್ಟು ಬಂದು ನಿಂತಿದ್ದ. ಬಸ್ಸಿಗೆ ಕಾದವರು ಕೆಲವರು ಕತ್ತು ಚಾಚಿ ಒಳಗೆ ನೋಡುತ್ತಿದ್ದರು. ಯಾರಿಗೆ ಏನಾಯಿತೋ ಎಂದು ಅವಳು ಜನರನ್ನು ಸರಿಸಿ ಒಳಗೆ ಹೋದಳು. ಕಂಪ್ಯೂಟರನ್ನು ಮುಂದಿನ ಭಾಗದಲ್ಲಿ, ಗಂಡಸರ ಕೌಂಟರಿನ ಮೇಲೆ ಇಟ್ಟಿದ್ದರು. ಅದನ್ನು ರಿಪೇರಿ ಮಾಡಿ ತಂದಿದ್ದ ಸೈದಪ್ಪ ಅದರ ಮುಂದೆ ಕುಳಿತಿದ್ದ. ಪರದೆಯ ತುಂಬ ಹುಡುಗಿಯರು. ಒಬ್ಬಳು ಹೋಗಿ ಇನ್ನೊಬ್ಬಳು ಬರುತ್ತಿದ್ದಳು. ಖಜೂರಿಯವಳು, ಸರಸಂಬಾದವಳು, ಗೌಡರ ವಾಡೆಯವಳು.

"ವೈನಿ ಬಂದ್ರು ನೋಡು!" ಎಂದು ಚಂದ್ರಾಮ ಹಿಗ್ಗಿನಿಂದ ಎದ್ದ. "ವೈನಿ, ಏನೂ ಹೋಗಿಲ್ರಿ! ನಾ ಬರ್ದಿದ್ದ ಹೆಸರೂ ಸಿಕ್ಕಾವ, ನೀವು ಅಳಿಸಿದ್ದ ಫೋಟೋನೂ ಎಲ್ಲಾ ಎದ್ದು ಬಂದಾವ. ಈ ಸೈದಪ್ಪ ಏನ್ ಮನಷಾ ಅಂತೀರಿ!"

ಸೈದಪ್ಪ ನಾಚಿಕೊಂಡು ನಕ್ಕ. "ಹೊಸಾ ಸಾಫ್ಟ್‌ವೇರ್ ಬಂದದ್ರಿ ಅಕ್ಕೋರೆ. ಅಳಿಸಿದ್ದೆಲ್ಲ ವಾಪಸ್ ತರ್ತದ. ನಿಮಗ ಬೇಕಾಗ್ತಾವ ಅಂತ ಎಲ್ಲಾ ತಗದೇನಿ."

ಅದೇ ಹೊತ್ತಿಗೆ ಪರದೆಯ ಮೇಲೆ ಶಮೀಮ ಬಂದಳು. ದುಪಟ್ಟಾ ಹೆಗಲಿಗೆ ಜಾರಿ, ಕೂದಲು ಬಿಚ್ಚಿ, ಹಲ್ಲು ಬಿಟ್ಟು ನಗುತ್ತ, ಬಸ್‌ಸ್ಟ್ಯಾಂಡಿನ ಗಂಡಸರ ಎದುರು. ಹಿಂದಿನಿಂದ ಒಬ್ಬ, "ಅರೆ, ಈಕಿನ್ನ ಎಲ್ಲೋ ನೋಡೇನಲ್ಲಲೇ," ಎಂದ. ಇನ್ನೊಬ್ಬ ನಾಲಗೆಯಿಂದ ಚಪ್ಪರಿಸಿದ ಸದ್ದು ಬಂತು.

ಹೀರಾಬಾಯಿ ಕೈಗೆ ಸಿಕ್ಕ ವಾಯರನ್ನು ಹಿಡಿದು ಎಳೆದಳು. ಪರದೆ ಕಪ್ಪಾಯಿತು. ಆಮೇಲೆ ಬಾಗಿಲ ಕಡೆ ತಿರುಗಿ ಅವಳು ಬೈದ ಬೈಗುಳವನ್ನು ಇಲ್ಲಿ ಬರೆಯಲಾಗದು. ಬಸವಂತರಾಯ ಪಾನ್ ಅಂಗಡಿಗೆ ಓಡಿದ. ಉಳಿದವರು ಬರದ ಬಸ್ಸು ಬಂತೆನ್ನುವ ಹಾಗೆ ಚದುರಿದರು. ಅವಳು ಬಾಗಿಲು ಹಾಕಿ ಸೈದಪ್ಪನ ಎದುರು ನಿಂತಳು.

"ಭಗವಂತ ಬಂದು ಹುಡುಕಿದ್ರೂ ಸಿಗಂಗಿಲ್ಲ ಅಂದಿದ್ದಿ."

"ಆವಾಗ ಈ ಸಾಫ್ಟ್‌ವೇರ್ ಬಂದಿದ್ದಿಲ್ರಿ ಅಕ್ಕೋರೆ," ಎಂದ ಸೈದಪ್ಪ. ಅವನಿಗೆ ತಾನು ಮಾಡಿದ ತಪ್ಪೇನೆಂದು ನಿಜಕ್ಕೂ ತಿಳಿದಿರಲಿಲ್ಲ. ಕಳೆದುಹೋದ ಫೋಟೋ ಸಿಕ್ಕಿದರೆ ಕುಣಿದಾಡುವ ಫೋಟೋದವರನ್ನಷ್ಟೇ ಅವನು ಕಂಡಿದ್ದ. "ಬುಟ್ಟಿ ಖಾಲಿ ಮಾಡಿದ್ರ ಹೆಸರಷ್ಟ ಹೋಗ್ತದಂತ್ರಿ. ಫೋಟೋ ಒಳಗೇ ಕುಂತಿರ್ತದ. ನನಗೂ ಈಗೀಗ ಗೊತ್ತಾಗ್ಯಾದ."

"ಈ ಪೆಟ್ಟಿಗಿ ಬಿಟ್ಟು ಮತ್ತೆಲ್ಲಿ ಅವ?"

ಸೈದಪ್ಪ ಚೀಲದಿಂದ ಒಂದು ಸಿ.ಡಿ. ತೆಗೆದುಕೊಟ್ಟ. ಅವಳು ಅದನ್ನು ಕತ್ತರಿಯಿಂದ ಕತ್ತರಿಸಲು ಹೋದಳು, ಆಗಲಿಲ್ಲ. ನೆಲಕ್ಕೆ ಹಾಕಿ ರುಬ್ಬುಗುಂಡಿನಿಂದ ಜಜ್ಜಿದಳು. "ಮತ್ತ?"

"ಮತ್ತ... ಅಂಗಡ್ಯಾಗಿನ ಮೆಷೀನದಾಗ ಒಂದು ನಕಲ ಇರ್ತದ್ರಿ. ತೆಗ್ಯಾಗ ಅದರಾಗೇ ಹಾಕಬೇಕಾಗ್ತದ. ಚಿಂತಿ ಮಾಡಬ್ಯಾಡ್ರಿ, ಹೋದ ಕೂಡ್ಲೇ ಅಳಿಸ್ತೇನಿ. ದೇವರಾಣಿ."

ಅಳಿಸ್ತೇನಿ! ಆ ಅಂಗಡಿಯ ಪರದೆ ಹೀರಾಬಾಯಿಯ ಕಣ್ಣ ಮುಂದೆ ಬಂತು. ನಾಳೆ ಯಾವನೋ ಗಿರಾಕಿ ಬರುತ್ತಾನೆ, ಈ ಮನುಷ್ಯ ಗುಂಡಿ ಒತ್ತುತ್ತಾನೆ, ಶಮೀಮಳ ಮುಖಕ್ಕೆ ಸುಣ್ಣ ಬಳಿದು ತಾಜಮಹಲಿನ ಮುಂದೆ ನಿಲ್ಲಿಸಿ ಹೃದಯ ಉದುರಿಸುತ್ತಾನೆ. ಯಾರಿವಳು ಎಂದರೆ ಯಾರಾಕಿನೋ ಇರಬೇಕ್ರಿ ಎನ್ನುತ್ತಾನೆ. ಹೀರಾಬಾಯಿ ಆಗಲೇ ಸೈದಪ್ಪನ ಜೊತೆ ಗುಲಬರ್ಗಾಕ್ಕೆ ಹೋದಳು. ಎದುರಿಗೆ ಕುಳಿತು ಅಳಿಸಿಸಿದಳು. ಬುಟ್ಟಿ ಖಾಲಿಯಾಯಿತು. ಆದರೆ ಖಾಲಿ ಬುಟ್ಟಿಯನ್ನು ನಂಬುವ ಕಾಲ ಮುಗಿದಿತ್ತು. ಬೇರೆ ಯಾರಿಗಾದರೂ ಕೊಟ್ಟಿರುವೆಯಾ ಎಂದು ಕೇಳಿದಳು. ಇಲ್ಲ ಎಂದ. ನಿಜವೋ ಸುಳ್ಳೋ ತಿಳಿಯಲು ಈ ಜಗತ್ತಿನಲ್ಲಿ ಅವಳಿಗೆ ಯಾವ ದಾರಿಯೂ ಇರಲಿಲ್ಲ. ಅದೇ ಅವಳಿಗೆ ಎಲ್ಲಕ್ಕಿಂತ ಅಸಹ್ಯವೆನಿಸಿತು. ತಿರುಗಿ ಬರುವಾಗ ಬಸ್ಸಿನ ಕಿಟಕಿಯಿಂದ ವಾಂತಿ ಮಾಡಿಕೊಂಡಳು.

ಮರುದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ನೇರ ದರ್ಗಾದ ಓಣಿಗೆ ಹೊರಟಳು. ಫೋಟೋ ಎದ್ದು ಬಂದ ಹುಡುಗಿಯರ ತಾಯಂದಿರೆಲ್ಲರ ಮನೆಗೆ ಹೋಗಿ ನಡೆದದ್ದನ್ನು ಹೇಳಿಬಿಡುವುದು, ಅವರು ಉಗಿದರೆ ಉಗಿಸಿಕೊಳ್ಳುವುದು, ಅಂಗಡಿ ಮುಚ್ಚುವುದು ಎಂದು ನಿಶ್ಚಯ ಮಾಡಿದ್ದಳು. ಮೊದಲು ಗೌಸಿಯಾಬೇಗಂ. ಅಂಗಳದಲ್ಲಿ ನಿಕಾಹದ ರಜಾಯಿಗಳಿಗೆ ಹತ್ತಿ ತುಂಬುತ್ತಿದ್ದರು. ಗೌಸಿಯಾಬೇಗಂ ಅವಳನ್ನು ಒಳಗೆ ಕರೆದೊಯ್ದು ಕೂರಿಸಿ, ಶರಬತ್ತು ಕೊಟ್ಟಳು. ಹೀರಾಬಾಯಿ ಲೋಟ ಮುಟ್ಟದೆ ಎಲ್ಲವನ್ನೂ ಹೇಳಿದಳು.

ಗೌಸಿಯಾಬೇಗಮಳ ಬಲಗೈ ಬೆರಳು ಮೊಣಕಾಲ ಮೇಲೆ ತಾನಾಗಿಯೇ ಏನನ್ನೋ ಒತ್ತುತ್ತಿತ್ತು. "ಯಾವ ಫೋಟೋರಿ? ತಲಿ ಮ್ಯಾಲ ದುಪಟ್ಟಾ ಇಲ್ಲದ್ದೇನು?"

"ಹೌದ್ರಿ."

"ಯಾರ್ಯಾರು ನೋಡ್ಯಾರ?"

"ನನ್ನ ಮೈದುನ, ಸೈದಪ್ಪ. ಬಸ್‌ಸ್ಟ್ಯಾಂಡಿನ ಒಂದಿಷ್ಟು ಮಂದಿ. ಅಂಗಡ್ಯಾಗ ಯಾರು ನೋಡ್ಯಾರೋ ಗೊತ್ತಿಲ್ರಿ." ಹೀರಾಬಾಯಿ ಸೆರಗೊಡ್ಡಿದಳು. "ನನಗ ಚಪ್ಲೀಲೆ ಹೊಡೀರಿ. ಉಳಿದವ್ರ ಮನೀಗೂ ಹೋಗಿ ಹೇಳಿ ಬರ್ತೇನಿ."

"ಇನ್ನೂ ಯಾರಿಗೂ ಹೇಳಿಲ್ಲೇನ್ರಿ?"

"ಇಲ್ಲ. ನೀವೇ ಮೊದಲಿನವ್ರು."

"ಹಂಗಂದ್ರ ಕಡೀದಾಕೀನೂ ನಾನೇ ಆಗ್ಲಿ," ಎಂದಳು ಗೌಸಿಯಾಬೇಗಂ.

ಹೀರಾಬಾಯಿಗೆ ಅರ್ಥವಾಗಲಿಲ್ಲ. ಗೌಸಿಯಾಬೇಗಂ ಎದ್ದು ಬಾಗಿಲ ಪರದೆ ಸರಿಯಾಗಿ ಎಳೆದು, ಅವಳ ಹತ್ತಿರಕ್ಕೆ ಬಂದು ಕುಳಿತಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಹೀರಾಬಾಯಿಗೆ ಎಷ್ಟೋ ಹಗುರಾಗುತ್ತಿತ್ತು.

"ಕೇಳ್ರಿ ಬಾಯಿ. ನಾಳಿ ಯಾವನರೆ ಒಬ್ಬ ಆ ಫೋಟೋ ಹಿಡಕೊಂಡು ನನ್ನ ಬೀಗರ ಮುಂದ ನಿಂತ ಅಂತ ತಿಳೀರಿ. ನಾ ಏನ್ ಹೇಳ್ಬೇಕು? ಇದು ನಮ್ಮ ಹುಡುಗಿ ಅಲ್ಲ, ಮಾರಿ ಹಂಗ ಕಾಣ್ತದ ಅಷ್ಟ, ನನ್ನ ಮಗಳು ಜನ್ಮದಾಗ ಫೋಟೋ ತೆಗೆಸಿದ್ದು ಒಂದೇ ಸಲ, ಅದೂ ಹೀರಾಬಾಯಿ ಕಡಿ, ಆಕಿ ಕಡಿ ಏನೂ ಉಳ್ಯಂಗಿಲ್ಲ ಅಂತ ಇಡೀ ಮುಲುಕಿಗೆ ಗೊತ್ತದ ಅಂತೇನಿ. ಅವ್ರು ನಂಬ್ತಾರ. ನೀವು ಬಾಯಿ ಬಿಟ್ರ ಯಾರು ನಂಬ್ತಾರ್ರಿ? ಅಂಗಡಿ ಮುಚ್ಚಿದ್ರೂ ಯಾಕ ಮುಚ್ಚಿದ್ಳು ಅಂತ ಕೇಳ್ತಾರ. ಮುಚ್ಚಬ್ಯಾಡ್ರಿ. ಯಾರು ಕೇಳಿದ್ರೂ ಏನೂ ಉಳಿದಿಲ್ಲ ಅನ್ರಿ. ನಮ್ಮ ಹೆಣ್ಣಮಕ್ಕಳ ಇಜ್ಜತ್ತು ಈಗ ನಿಮ್ಮ ಆ ಒಂದು ಮಾತಿನ ಮ್ಯಾಲ ನಿಂತದ."

"ಅದು ಸುಳ್ಳಾಗ್ತದಲ್ರಿ," ಎಂದಳು ಹೀರಾಬಾಯಿ.

"ಸುಳ್ಳೇ. ನೀವು ಹೇಳಬೇಕು." ಗೌಸಿಯಾಬೇಗಂ ಶರಬತ್ತಿನ ಲೋಟ ಎತ್ತಿ ಅವಳ ಕೈಗೆ ಕೊಟ್ಟಳು. "ಕುಡೀರಿ. ಕುಡೀದೆ ಹೋದ್ರ ಹೊರಗ ಕುಂತವ್ರು ಏನಾತು ಅಂತಾರ."

ಹೀರಾಬಾಯಿ ಕುಡಿದಳು. ಅಂಗಳ ದಾಟುವಾಗ ಹತ್ತಿ ತುಂಬುತ್ತಿದ್ದ ಹೆಂಗಸರ ನಡುವೆ ಶಮೀಮ ತಲೆಯೆತ್ತಿ ನಕ್ಕಳು. ಅದೇ ನಗು. ಹೀರಾಬಾಯಿ ಬೇರೆ ಕಡೆ ನೋಡುತ್ತ ಹೊರಬಿದ್ದಳು.

ಸ್ಟುಡಿಯೋದ ಕಟ್ಟೆಯ ಮೇಲೆ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದು ಕಾಯುತ್ತಿದ್ದಳು. ಗಂಗುಬಾಯಿ ಅಂತ, ಖಜೂರಿಯವಳು. ಮುಂಜಾನೆಯ ಬಸ್ಸಿಗೆ ಬಂದಿದ್ದಳು. ಹುಡುಗಿ ಹೊಸ ಸೀರೆಯಲ್ಲಿ ಬೆವರುತ್ತಿದ್ದಳು. ಹೀರಾಬಾಯಿ ಅವರನ್ನು ಹಿಂದಿನ ಕೋಣೆಗೆ ಕರೆದೊಯ್ದಳು. ಕಂಪ್ಯೂಟರಿಗೆ ಚಾದರ ಹೊದಿಸಿ, ಗಂಡನ ಕಾಲದ ಹಳೆಯ ಕ್ಯಾಮೆರಾ ಇಳಿಸಿ, ಒಂದೇ ಒಂದು ಕಪ್ಪು-ಬಿಳುಪು ಫೋಟೋ ತೆಗೆದಳು. ಕತ್ತಲೆ ಕೋಣೆಯಲ್ಲಿ ತೊಳೆದು ಒಣಗಿಸಿ, ಪ್ರಿಂಟ್ ತೆಗೆದುಕೊಟ್ಟು, ತಾಯಿಯ ಎದುರೇ ನೆಗೆಟಿವನ್ನು ಚೂರು ಮಾಡಿ ಅವಳ ಕೈಗೆ ಹಾಕಿದಳು. ಈ ಹುಡುಗಿಯದು ಮಾತ್ರ ಖಂಡಿತವಾಗಿ ಎಲ್ಲಿಯೂ ಉಳಿಯಲಿಲ್ಲ.

ಗಂಗುಬಾಯಿ ಚೂರುಗಳನ್ನು ಒಲೆಗೆ ಹಾಕಿ, ಹೊರಡುವ ಮುಂಚೆ ಹಿಂಜರಿಯುತ್ತ ಕೇಳಿದಳು. "ಹೋದ ಬ್ಯಾಸಿಗ್ಯಾಗ ನಮ್ಮ ದೊಡ್ಡಾಕಿನ್ನ ಇಲ್ಲೇ ತೆಗೆಸಿದ್ದೆ ನೋಡ್ರಿ, ಆ ಕಂಪ್ಯೂಟರದಾಗ. ಊರಾಗ ಯಾರೋ ಏನೇನೋ ಅನ್ನಾಕತ್ತಾರ. ಆಕಿದು ಏನೂ ಉಳಿದಿಲ್ಲಲ್ರಿ ಅಕ್ಕೋರೆ?"

ದೊಡ್ಡವಳು ಹೀರಾಬಾಯಿಗೆ ನೆನಪಿದ್ದಳು. ನಿನ್ನೆ ಪರದೆಯ ಮೇಲೆ ಎಲ್ಲರಿಗಿಂತ ಮೊದಲು ಬಂದವಳು ಅವಳೇ.

"ಏನೂ ಇಲ್ಲವ್ವಾ. ನನ್ನ ಕಡಿ ಏನೂ ಉಳ್ಯಂಗಿಲ್ಲ," ಎಂದಳು ಹೀರಾಬಾಯಿ.

ಗಂಗುಬಾಯಿಯ ಮುಖ ಅರಳಿತು. ಬಾಗಿ ಹೀರಾಬಾಯಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ, ಮಗಳ ಕೈಹಿಡಿದುಕೊಂಡು ಬಸ್ಸಿಗೆ ಹೋದಳು. ಹೀರಾಬಾಯಿ ಹಿತ್ತಲಿಗೆ ಹೋಗಿ ತಂಬಿಗೆ ನೀರು ತೆಗೆದುಕೊಂಡು ಬಾಯಿ ಮುಕ್ಕಳಿಸಿದಳು, ಮತ್ತೆ ಮುಕ್ಕಳಿಸಿದಳು, ನೀರು ಮುಗಿದ ಮೇಲೆ ಇನ್ನೊಂದು ತಂಬಿಗೆ ತುಂಬಿಕೊಂಡಳು. ಲೋಕದಲ್ಲಿ ಏನೇನಕ್ಕೋ ಹೇಸಿದ ಹೆಂಗಸಿಗೆ ಅವತ್ತಿನಿಂದ ತನ್ನ ಬಾಯಿಯೇ ಹೇಸಿಗೆಯಾಯಿತು.